ವಾಪಸ್ ಬರುವ ದಾರಿ ನೋಡಿಕೊಂಡು ಸೇರಿಸಿ

ಅರಸೀಕೆರೆ ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ, ಹತ್ತನೇ ತರಗತಿ ಮಕ್ಕಳ ಮನೆಯವರ ಮುಂದೆ ಆಡಿದ ಮಾತು ಇದು. ಆಮೇಲೆ ಕೂತು ಬರೆದಿಟ್ಟೆ. ಮೈಕು ಎರಡು ಸಲ ಕೈಕೊಟ್ಟಿದ್ದು, ನಾನು ಎರಡು ಸಲ ಒಂದೇ ಮಾತು ಹೇಳಿದ್ದು ಇಲ್ಲಿಲ್ಲ.

ಎಲ್ಲರಿಗೂ ನಮಸ್ಕಾರ. ಹೆಡ್‌ಮಾಸ್ಟರು ಪರಿಚಯ ಮಾಡುವಾಗ ನನ್ನನ್ನು ‘ಶಿಕ್ಷಣ ತಜ್ಞರು’ ಅಂದುಬಿಟ್ಟರು. ತಜ್ಞನೇನಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರು, ಅಷ್ಟೇ. ಪ್ರತಿ ವರ್ಷ ಅಡ್ಮಿಷನ್ ಟೇಬಲ್ಲಿನ ಆ ಕಡೆ ನಾನು ಕೂತಿರುತ್ತಿದ್ದೆ, ಈ ಕಡೆ ನೀವು ನಿಂತಿರುತ್ತಿದ್ದಿರಿ. ಇವತ್ತು ಟೇಬಲ್ ಇಲ್ಲ. ಹಾಗಾಗಿ ಅಲ್ಲಿ ಹೇಳಲಾಗದ್ದನ್ನು ಹೇಳುತ್ತೇನೆ.

ಆ ಟೇಬಲ್ಲಿನ ಮುಂದೆ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ. “ಯಾವ ಕಾಂಬಿನೇಷನ್ ಬೇಕಮ್ಮಾ?” ಅಂತ ಹುಡುಗಿಯನ್ನು ಕೇಳುತ್ತೇನೆ. ಅವಳು ಅಪ್ಪನ ಮುಖ ನೋಡುತ್ತಾಳೆ. ಅಪ್ಪ ಹೇಳುತ್ತಾರೆ, “ಪಿಸಿಎಂಬಿ ಬರ್ಕೊಳಿ ಸಾರ್.” ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ಅಂತ. ಯಾಕೆ ಅಂದರೆ, “ಎರಡೂ ಕಡೆಗೆ ಆಗುತ್ತಲ್ಲ.” ಎರಡೂ ಕಡೆ ಅಂದರೆ ಡಾಕ್ಟರು ಮತ್ತು ಎಂಜಿನಿಯರು. ಎರಡು ನಿಮಿಷದಲ್ಲಿ ಮುಗಿಯಿತು. ಇದೇ ಅಪ್ಪ ಒಂದು ಜೊತೆ ಹೋರಿ ತರಬೇಕಾದರೆ ಮೂರು ಜಾತ್ರೆ ಸುತ್ತುತ್ತಾರೆ. ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ.

ಇಲ್ಲಿ ಕೂತಿರುವವರಲ್ಲಿ ಬಹಳ ಜನ ತೆಂಗಿನವರು. ತಿಪಟೂರಿಗೆ ಕೊಬ್ಬರಿ ತಗೊಂಡು ಹೋದಿರಿ, ರೇಟು ಬಿದ್ದಿದೆ. ಏನು ಮಾಡುತ್ತೀರಿ? ತಡೆಯುವ ಶಕ್ತಿ ಇದ್ದರೆ ಮೂಟೆ ವಾಪಸ್ ತರುತ್ತೀರಿ. ಗಾಡಿ ಬಾಡಿಗೆ ಹೋಯಿತು, ಕೊಬ್ಬರಿ ಉಳಿಯಿತು. ಆದರೆ ಕಾಯಿ ಎಳನೀರಿದ್ದಾಗಲೇ ಇಳಿಸಿ ಮಾರಿಬಿಟ್ಟರೆ? ಅಟ್ಟದ ಮೇಲೆ ಎಷ್ಟು ತಿಂಗಳು ಕಾದರೂ ಅದು ಕೊಬ್ಬರಿ ಆಗುವುದಿಲ್ಲ. ಮಕ್ಕಳನ್ನು ಸ್ಕೂಲು, ಕಾಲೇಜಿಗೆ ಸೇರಿಸುವ ತೀರ್ಮಾನಗಳೂ ಹೀಗೇ ಎರಡು ಥರ. ವಾಪಸ್ ತರಬಹುದಾದವು, ತರಲಾಗದವು. ನಾವು ಮಾಡುವ ತಪ್ಪೇನೆಂದರೆ, ವಾಪಸ್ ತರಬಹುದಾದದ್ದಕ್ಕೆ ರಾತ್ರಿಯೆಲ್ಲಾ ನಿದ್ದೆಗೆಡುತ್ತೇವೆ. ತರಲಾಗದ್ದನ್ನು ಎರಡು ನಿಮಿಷದಲ್ಲಿ ಮುಗಿಸುತ್ತೇವೆ.

ಮೊದಲು ಒಂದು ಉದಾಹರಣೆ. ಇದು ಹತ್ತನೇ ಕ್ಲಾಸಿನ ಮಕ್ಕಳಿಗಿಂತ ಅವರ ತಮ್ಮ ತಂಗಿಯರಿಗೆ ಸೇರಿದ್ದು. ಬೆಳಿಗ್ಗೆ ಏಳೂವರೆಗೆ ನಿಮ್ಮೂರ ಅರಳಿಕಟ್ಟೆ ಹತ್ತಿರ ಹಳದಿ ವ್ಯಾನು ಬರುತ್ತದೆ. ಒಂದನೇ ಕ್ಲಾಸಿನ ಮಗು ಟೈ ಕಟ್ಟಿಕೊಂಡು ಪೇಟೆಯ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಹೋಗುತ್ತದೆ. ಬೇಡ ಅನ್ನುವುದಿಲ್ಲ. ಇಂಗ್ಲಿಷ್ ಬೇಕು ಅನ್ನುವ ನಿಮ್ಮ ಆಸೆ ತಪ್ಪಲ್ಲ. ಯಾವ ಮಾಧ್ಯಮದಲ್ಲಿ ಓದಿಸಬೇಕು ಅನ್ನುವುದು ತಂದೆತಾಯಿಗೆ ಬಿಟ್ಟದ್ದು, ಸರ್ಕಾರ ಬಲವಂತ ಮಾಡುವ ಹಾಗಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಅದೂ ನಮ್ಮ ಕರ್ನಾಟಕದ ಕೇಸಿನಲ್ಲಿ. ಆದರೆ ಆ ವ್ಯಾನು ಹತ್ತಿಸುವಾಗ ಏನು ಬಿಟ್ಟುಕೊಡುತ್ತಿದ್ದೀರಿ ಅನ್ನುವುದು ಗೊತ್ತಿರಲಿ. ಸಿಇಟಿ ಅಂದರೆ ಎಂಜಿನಿಯರಿಂಗ್ ಥರದ ಕೋರ್ಸುಗಳಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ. ಅದರ ಸೀಟು ಹಂಚುವಾಗ ಗ್ರಾಮೀಣ ಅಭ್ಯರ್ಥಿಗಳಿಗೆ ಅಂತ ಶೇಕಡ 15 ಇದೆ. ಕನ್ನಡ ಮಾಧ್ಯಮದವರಿಗೆ ಶೇಕಡ 5 ಇದೆ. ಎರಡಕ್ಕೂ ಷರತ್ತು ಒಂದೇ ಥರ: ಒಂದರಿಂದ ಹತ್ತನೇ ಕ್ಲಾಸಿನವರೆಗೆ, ಹತ್ತೂ ವರ್ಷ. ಒಂಬತ್ತು ವರ್ಷ ನಡೆಯುವುದಿಲ್ಲ. ‘ಗ್ರಾಮೀಣ’ ಅಂದರೆ ಪಟ್ಟಣ ಪಂಚಾಯ್ತಿ ವ್ಯಾಪ್ತಿಯೂ ಸೇರುವುದಿಲ್ಲ. ಇದು ಬರೀ ಕಾಲೇಜು ಸೀಟಿಗೆ ಮುಗಿಯುವುದಿಲ್ಲ. ನಾಳೆ ರಾಜ್ಯ ಸರ್ಕಾರದ ನೌಕರಿಗೆ ಅರ್ಜಿ ಹಾಕುವಾಗಲೂ ಗ್ರಾಮೀಣ, ಕನ್ನಡ ಮಾಧ್ಯಮ ಅನ್ನುವ ಕಲಂ ಬರುತ್ತವೆ.

ನನ್ನ ಹತ್ತಿರ ಒಬ್ಬ ಹುಡುಗ ಓದಿದ. ಏಳನೆಯವರೆಗೆ ಹಳ್ಳಿ, ಕನ್ನಡ ಮೀಡಿಯಂ. ಎಂಟಕ್ಕೆ ಪೇಟೆಯ ಇಂಗ್ಲಿಷ್ ಮೀಡಿಯಂ. ಸಿಇಟಿ ಅರ್ಜಿ ತುಂಬುವಾಗ ಎರಡೂ ಕಲಂಗೆ ‘ಇಲ್ಲ’ ಅಂತ ಟಿಕ್ ಹಾಕಬೇಕಾಯಿತು. ಅವನ ಅಪ್ಪ ಪಕ್ಕದಲ್ಲಿ ನಿಂತಿದ್ದರು. “ಏಳು ವರ್ಷ ಇಲ್ಲೇ ಓದಿದಾನಲ್ಲ ಸಾರ್, ಅದು ಏನೂ ಇಲ್ವಾ?” ಅಂದರು. ಏನೂ ಇಲ್ಲ. ಇದು ಎಳನೀರು ಇಳಿಸಿದ ಲೆಕ್ಕ.

ಹತ್ತೂ ವರ್ಷ ಇಲ್ಲೇ ಓದಿದ ಮಕ್ಕಳ ಮನೆಯವರು ಇವತ್ತೇ ಒಂದು ಕೆಲಸ ಮಾಡಿ. ವ್ಯಾಸಂಗ ಪ್ರಮಾಣಪತ್ರ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲು ರುಜು ಹಾಕಿಸಿ ಇಟ್ಟುಕೊಳ್ಳಿ. ಪ್ರೈಮರಿ ಒಂದು ಕಡೆ, ಹೈಸ್ಕೂಲು ಇನ್ನೊಂದು ಕಡೆ ಆಗಿದ್ದರೆ ಎರಡೂ ಕಡೆಯಿಂದ ಬೇಕು. ಎರಡು ವರ್ಷ ಕಳೆದ ಮೇಲೆ ಹೋದರೆ ಹೆಡ್‌ಮಾಸ್ಟರಿಗೆ ವರ್ಗ ಆಗಿರುತ್ತದೆ, ದಾಖಲೆ ಬೀರುವಿನ ಕೀ ಯಾರ ಹತ್ತಿರವೋ ಇರುತ್ತದೆ. ಕೌನ್ಸೆಲಿಂಗ್ ಹಿಂದಿನ ದಿನ ಬಿಇಒ ಆಫೀಸಿನ ಜಗಲಿ ಮೇಲೆ ಕೂತು ಅತ್ತವರನ್ನು ನೋಡಿದ್ದೇನೆ.

ಸರಿ, ಈಗ ಹತ್ತನೇ ಕ್ಲಾಸಿನವರ ವಿಷಯಕ್ಕೆ ಬರೋಣ.

“ಸೈನ್ಸ್ ತಗೊಂಡರೆ ಆಮೇಲೆ ಯಾವ ಕಡೆ ಬೇಕಾದರೂ ಹೋಗಬಹುದು.” ಇದು ನಿಜ. ಪಿಯುಸಿ ಸೈನ್ಸ್ ಮಾಡಿದವನು ಬಿ.ಕಾಂ. ಸೇರಬಹುದು, ಲಾ ಸೇರಬಹುದು, ಬಿ.ಎ. ಸೇರಬಹುದು. ಕಾಮರ್ಸ್ ಮಾಡಿದವನು ಎಂಜಿನಿಯರಿಂಗ್ ಸೇರುವ ಹಾಗಿಲ್ಲ, ಅದಕ್ಕೆ ಫಿಸಿಕ್ಸ್, ಮ್ಯಾಥ್ಸ್ ಬೇಕೇ ಬೇಕು. ಹಾಗಾದರೆ ನಾನು ಹೇಳಿದ ಲೆಕ್ಕದ ಪ್ರಕಾರ ಎಲ್ಲರೂ ಸೈನ್ಸ್ ತಗೋಬೇಕು ಅಂತಾಯಿತು, ಅಲ್ವಾ? ಅಲ್ಲ. ಯಾಕೆಂದರೆ ದಾರಿ ತೆರೆದಿರುವುದು ಪಾಸಾದವನಿಗೆ. ಒಂಬತ್ತನೇ ಕ್ಲಾಸಿನ ಬೀಜಗಣಿತವೇ ಕೈಗೆ ಹತ್ತದ ಹುಡುಗನನ್ನು ನಾಲ್ಕು ಸೈನ್ಸ್ ವಿಷಯದ ಮಧ್ಯೆ ಕೂರಿಸಿದರೆ ಅವನು ಅಕ್ಟೋಬರ್ ಹೊತ್ತಿಗೆ ಹಿಂದಿನ ಬೆಂಚಿಗೆ ಹೋಗುತ್ತಾನೆ. ಡಿಸೆಂಬರ್ ಹೊತ್ತಿಗೆ ಕಾಲೇಜಿಗೇ ಬರುವುದಿಲ್ಲ. ಬಸ್‌ಸ್ಟಾಂಡಿನಲ್ಲಿ ಇರುತ್ತಾನೆ. ಫೇಲಾದ ವಿಷಯವನ್ನು ಮತ್ತೆ ಬರೆಯಬಹುದು. 2024ರಿಂದ ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ಅದೇ ವರ್ಷ ಇನ್ನೊಂದು ಸಲ ಬರೆಯುವ ವ್ಯವಸ್ಥೆ ಬಂದಿದೆ, ಜಾಸ್ತಿ ಬಂದ ಅಂಕವನ್ನೇ ಇಟ್ಟುಕೊಳ್ಳಬಹುದು. ಹಾಗಾಗಿ ಅಂಕ ವಾಪಸ್ ಬರುತ್ತದೆ. “ನನ್ನ ಕೈಲಾಗಲ್ಲ” ಅಂತ ಒಂದು ಸಲ ಹುಡುಗ ತೀರ್ಮಾನ ಮಾಡಿಬಿಟ್ಟರೆ ಅದನ್ನು ವಾಪಸ್ ತರುವುದು ಕಷ್ಟ. ಮೂವತ್ತೊಂದು ವರ್ಷದಲ್ಲಿ ನಾನು ಅದನ್ನು ಮಾಡಿದ್ದು ಕೈಬೆರಳೆಣಿಕೆ.

ಡಾಕ್ಟರ್ ಲೆಕ್ಕವನ್ನೂ ನೋಡಿಬಿಡೋಣ. 2024ರಲ್ಲಿ ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್ ಬರೆದವರು 23 ಲಕ್ಷದ ಮೇಲೆ. ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ. ಅದರಲ್ಲಿ ಸರ್ಕಾರಿ ಕಾಲೇಜಿನವು ಸುಮಾರು ಅರ್ಧ. ನಿಮ್ಮ ಮಗುವಿಗೆ ಸಿಗಲ್ಲ ಅಂತ ಹೇಳುತ್ತಿಲ್ಲ. ಇಪ್ಪತ್ತು ಜನ ಓಡುವ ಕಡೆ ಒಬ್ಬರು ಗೆಲ್ಲುತ್ತಾರೆ ಅಂತ ಗೊತ್ತಿಟ್ಟುಕೊಂಡು ಓಡಿಸಿ.

ಈಗ ನನ್ನದೇ ಕಥೆ. ಹೇಳೋಕೆ ನಾಚಿಕೆ, ಆದರೂ ಹೇಳುತ್ತೇನೆ.

ನನ್ನ ದೊಡ್ಡ ಮಗಳಿಗೆ ಹತ್ತರಲ್ಲಿ 625ಕ್ಕೆ 598 ಬಂತು. ನಾನೇ ಪಿಯು ಮೇಷ್ಟ್ರು, ನನ್ನ ಕಾಲೇಜು ಮನೆಯಿಂದ ನಡೆದು ಹೋಗುವಷ್ಟು ದೂರ. ಆದರೆ ನನ್ನ ಕಾಲೇಜಿಗೆ ನನ್ನ ಮಗಳನ್ನೇ ಸೇರಿಸಲಿಲ್ಲ. ಊರವರ ಮಕ್ಕಳಿಗೆ ಸಾಕು, ನನ್ನ ಮಗಳಿಗೆ ಸಾಲದು! ಬೇರೆ ಜಿಲ್ಲೆಯ ಒಂದು ರೆಸಿಡೆನ್ಷಿಯಲ್ ಕಾಲೇಜಿಗೆ ಸೇರಿಸಿದೆ. ಹೆದ್ದಾರಿ ಪಕ್ಕ ದೊಡ್ಡ ಬ್ಯಾನರು, ಬ್ಯಾನರ್ ತುಂಬ ರ‍್ಯಾಂಕ್ ಬಂದ ಮಕ್ಕಳ ಫೋಟೋ. ಎರಡು ವರ್ಷದ ಫೀಸು ಒಟ್ಟಿಗೇ ಕಟ್ಟಿದರೆ ಇಪ್ಪತ್ತು ಸಾವಿರ ಕಡಿಮೆ ಅಂದರು. ಪಿಎಫ್‌ನಿಂದ ತೆಗೆದು ಒಟ್ಟಿಗೇ ಕಟ್ಟಿದೆ. ಗಣಿತದ ಮೇಷ್ಟ್ರು ನೋಡಿ, ಇಪ್ಪತ್ತು ಸಾವಿರ ಉಳಿಸಿದೆ ಅಂತ ಖುಷಿಪಟ್ಟೆ.

ತಿಂಗಳಿಗೆ ಒಂದು ಭಾನುವಾರ ನೋಡಲು ಬಿಡುತ್ತಿದ್ದರು. ಮಿಕ್ಕ ವಾರ ಫೋನಿನಲ್ಲಿ ಐದು ನಿಮಿಷ. ಐದು ನಿಮಿಷದಲ್ಲಿ ಏನು ಕೇಳುತ್ತೀರಿ? ಊಟ ಆಯ್ತಾ, ಟೆಸ್ಟಲ್ಲಿ ಎಷ್ಟು ಬಂತು. ಊಟ ಆಯ್ತು ಅಪ್ಪ. ಇಷ್ಟು ಬಂತು ಅಪ್ಪ. ನವೆಂಬರ್‌ನಲ್ಲಿ ಒಂದು ಭಾನುವಾರ ನಾನು, ನನ್ನಾಕೆ ಹೋದೆವು. ಅಲ್ಲೊಂದು ಹೊಂಗೆ ಮರ, ಅದರ ಕೆಳಗೆ ಎಲ್ಲಾ ಅಪ್ಪ ಅಮ್ಮಂದಿರೂ ಕ್ಯಾರಿಯರ್ ಬಿಚ್ಚಿಕೊಂಡು ಕೂತಿರುತ್ತಾರೆ, ಜಾತ್ರೆಗೆ ಬಂದ ಹಾಗೆ. ಮಗಳು ಹುಳಿಯನ್ನ ತಿಂದಳು, ಮೊಸರನ್ನಕ್ಕೆ ಬಂದಳು. ನಾನು ಏನೋ ಸಿಲಬಸ್ ವಿಷಯ ಕೇಳುತ್ತಿದ್ದೆ. ಉತ್ತರ ಬರಲಿಲ್ಲ. ನೋಡಿದರೆ ಮರಕ್ಕೆ ಒರಗಿ ನಿದ್ದೆ ಹೋಗಿದ್ದಾಳೆ. ಕೈಯಲ್ಲಿ ಕಲಸಿದ ತುತ್ತು ಹಾಗೇ ಇದೆ. ನನ್ನಾಕೆ ಆ ತುತ್ತನ್ನು ಮೆಲ್ಲಗೆ ಬಿಡಿಸಿ, ಸೆರಗಿನಲ್ಲಿ ಅವಳ ಕೈ ಒರೆಸಿದಳು. ನನ್ನ ಕಡೆ ನೋಡಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗಲೂ ಮಾತಾಡಲಿಲ್ಲ.

ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಿದ್ದರಂತೆ. ರಾತ್ರಿ ಹನ್ನೊಂದರವರೆಗೆ ಸ್ಟಡಿ. ಅದೆಲ್ಲ ನನಗೆ ಗೊತ್ತಿರಲಿಲ್ಲ ಅಂತ ಹೇಳುವ ಹಾಗಿಲ್ಲ. ಅವರು ಕೊಟ್ಟ ಪುಸ್ತಿಕೆಯಲ್ಲೇ ಟೈಂಟೇಬಲ್ ಇತ್ತು. ನಾನು ಓದಿ ‘ಶಿಸ್ತು ಚೆನ್ನಾಗಿದೆ’ ಅಂದುಕೊಂಡಿದ್ದೆ.

ಮೊದಲ ವರ್ಷ ಮುಗಿದ ಮೇಲೆ ಟಿಸಿ ತಂದೆ. ಎರಡನೇ ವರ್ಷದ ಫೀಸು ಕೇಳಿದರೆ ಅರ್ಜಿಯ ಹಿಂಬದಿ ತೋರಿಸಿದರು. ವಾಪಸ್ ಕೊಡುವುದಿಲ್ಲ ಅಂತ ಸಣ್ಣಕ್ಷರದಲ್ಲಿತ್ತು, ಕೆಳಗೆ ನನ್ನದೇ ಸಹಿ. ಸೆಕೆಂಡ್ ಪಿಯು ನನ್ನ ಕಾಲೇಜಿನಲ್ಲೇ ಓದಿದಳು. ಆ ರೆಸಿಡೆನ್ಷಿಯಲ್ ಕಾಲೇಜಿನ ಕ್ಲಾಸುಗಳು ಕೆಟ್ಟದಾಗಿದ್ದವು ಅಂತ ನಾನು ಹೇಳುವುದಿಲ್ಲ, ನಿಜವಾಗಿ ಕೆಲವರು ನನಗಿಂತ ಚೆನ್ನಾಗಿ ಪಾಠ ಮಾಡುತ್ತಿದ್ದರು. ಅದೇ ವಾತಾವರಣದಲ್ಲಿ ಅರಳುವ ಮಕ್ಕಳೂ ಇದ್ದಾರೆ. ಇವಳು ಆ ಥರದವಳಲ್ಲ ಅನ್ನುವುದು ಮನೆಯಲ್ಲಿ ಹದಿನಾರು ವರ್ಷ ಸಾಕಿದ ನನಗೆ ಗೊತ್ತಿರಬೇಕಿತ್ತು.

ಹಾಗಾಗಿ ಅಂಥ ಕಾಲೇಜಿಗೆ ಹೋದರೆ ಬ್ಯಾನರ್ ಬಗ್ಗೆ ಕೇಳಬೇಡಿ. ಫೋಟೋದಲ್ಲಿ ನಲವತ್ತು ಮಕ್ಕಳಿದ್ದರೆ, ಆ ವರ್ಷ ಸೇರಿದವರು ಎಷ್ಟು ಅಂತ ಕೇಳಿ. ಫಸ್ಟ್ ಇಯರ್ ಮುಗಿದ ಮೇಲೆ ಟಿಸಿ ತಗೊಂಡು ಹೋದವರು ಎಷ್ಟು ಅಂತ ಕೇಳಿ. ನನ್ನ ಮಗು ಎಷ್ಟನೇ ಸೆಕ್ಷನ್‌ನಲ್ಲಿ ಕೂರುತ್ತೆ, ‘ಎ’ ಸೆಕ್ಷನ್‌ಗೆ ಪಾಠ ಮಾಡುವವರೇ ‘ಎಫ್’ ಸೆಕ್ಷನ್‌ಗೂ ಬರುತ್ತಾರಾ ಅಂತ ಕೇಳಿ. ಫೀಸು ಕಂತಿನಲ್ಲಿ ಕಟ್ಟಿ. ಡಿಸ್ಕೌಂಟು ಹೋದರೆ ಹೋಗಲಿ. ಈಗ ಹಾಸ್ಟೆಲ್ ಸೇರಿ ಎರಡು ವರ್ಷಕ್ಕೆ ನಾಲ್ಕೈದು ಲಕ್ಷ ಕೇಳುವ ಕಡೆಗಳೂ ಇವೆ. ಅಷ್ಟು ದುಡ್ಡು ಒಟ್ಟಿಗೆ ಕಟ್ಟಿದ ಅಪ್ಪ ಮಗುವನ್ನು ವಾಪಸ್ ಕರೆಯುವುದಿಲ್ಲ. ಕಟ್ಟಿದ್ದೇನಲ್ಲ, ತಡ್ಕೋ ಅನ್ನುತ್ತಾನೆ. ನಾನೂ ನವೆಂಬರ್‌ನಿಂದ ಮಾರ್ಚ್‌ವರೆಗೆ ಹಾಗೇ ಅಂದವನು.

ಕಾಮರ್ಸ್, ಆರ್ಟ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೇ ಎಚ್ಚರಿಕೆ. ಕಾಮರ್ಸ್ ತಗೊಳ್ಳುವ ಮಗುವಿಗೆ ಲೆಕ್ಕ ಬರುತ್ತಿದ್ದರೆ ಸಂಖ್ಯಾಶಾಸ್ತ್ರ ಅಥವಾ ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್ ಹಾಕಿಸಿ. ಗಣಿತ ಒಂದು ಸಲ ಬಿಟ್ಟರೆ ಮತ್ತೆ ಹಿಡಿಯುವುದು ಕಷ್ಟ. ಆರ್ಟ್ಸ್ ಅಂದರೆ ಮೂಗು ಮುರಿಯಬೇಡಿ. ನಮ್ಮ ಆರ್ಟ್ಸ್ ಕ್ಲಾಸಿನ ಮಕ್ಕಳು ಇವತ್ತು ಪಿಡಿಒಗಳಾಗಿದ್ದಾರೆ, ವಕೀಲರಾಗಿದ್ದಾರೆ. ನಾನೇ ಖಾತೆ ಮಾಡಿಸಲು ಅವರ ಮುಂದೆ ನಿಂತಿದ್ದೇನೆ.

ಡಿಪ್ಲೊಮಾ ವಿಷಯ ಮಾತ್ರ ಸ್ವಲ್ಪ ಕೇಳಿಸಿಕೊಳ್ಳಿ. ‘ಸೈನ್ಸ್ ಸಿಗದವರು ಹೋಗುವ ಕಡೆ’ ಅಂತ ಒಂದು ತಪ್ಪು ಹೆಸರು ಅದಕ್ಕೆ ಅಂಟಿಕೊಂಡಿದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ. ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಫೀಸು ಕಡಿಮೆ. ಮುಗಿದಾಗ ಹುಡುಗನಿಗೆ ಹತ್ತೊಂಬತ್ತು ವರ್ಷ, ಕೈಯಲ್ಲಿ ಒಂದು ಕೆಲಸ ಕೊಡಿಸುವ ಕಾಗದ. ಇನ್ನೂ ಓದುತ್ತೇನೆ ಅಂದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಐಟಿಐ ಮಾಡಿದವನು ಡಿಪ್ಲೊಮಾ ಎರಡನೇ ವರ್ಷಕ್ಕೆ ಹೋಗಬಹುದು. ಅಂದರೆ ಐಟಿಐಯಿಂದ ಹತ್ತಿದರೂ ಎಂಜಿನಿಯರಿಂಗ್ ಡಿಗ್ರಿ ತನಕ ಮೆಟ್ಟಿಲಿದೆ. ಜಿಟಿಟಿಸಿ ಅಂತ ಒಂದಿದೆ, ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಡೆನ್ಮಾರ್ಕ್ ಸಹಾಯದಿಂದ 1972ರಲ್ಲಿ ಶುರುವಾದದ್ದು. ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ ಓದು, ಆಮೇಲೆ ಒಂದು ವರ್ಷ ಫ್ಯಾಕ್ಟರಿಯಲ್ಲೇ ತರಬೇತಿ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಪಿಜಿಯಲ್ಲಿ ಕೂತು ಕೆಲಸ ಹುಡುಕುವವರು ನಿಮ್ಮೂರಲ್ಲೂ ಇದ್ದಾರೆ, ನನಗೆ ಗೊತ್ತು.

ಕೃಷಿ ಪದವಿಯದೂ ಹಾಗೇ. ರೈತರ ಮಕ್ಕಳಿಗೆ ಅಂತಲೇ ಅಲ್ಲಿ ಬೇರೆ ಕೋಟಾ ಇದೆ, ಅದಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ. ಬೀಜ ಗುರುತಿಸಬೇಕು, ಸಲಕರಣೆ ಹೆಸರು ಹೇಳಬೇಕು. ನಮ್ಮ ಬೀದಿಯ ಹುಡುಗನೊಬ್ಬ ಹೋಗುವ ಹಿಂದಿನ ರಾತ್ರಿ ಅವನಜ್ಜಿ ಮೊರದಲ್ಲಿ ನವಣೆ, ಸಾಮೆ, ಹಾರಕ, ಹುಚ್ಚೆಳ್ಳು ಎಲ್ಲಾ ಇಷ್ಟಿಷ್ಟು ಹಾಕಿ ಪರೀಕ್ಷೆ ಮಾಡಿದ್ದರು. ಹದಿನೆಂಟು ವರ್ಷ ಹೊಲದ ಪಕ್ಕದಲ್ಲೇ ಬೆಳೆದವನು ಸಾಮೆಯನ್ನು ನವಣೆ ಅಂದ. ಬೈಗುಳ ನಮ್ಮ ಮನೆಗೂ ಕೇಳಿಸಿತು.

ಇನ್ನು ಸಿಇಟಿ. ಇದು ಎಲ್ಲಿಂದ ಬಂತು ಅಂತ ಮಕ್ಕಳಿಗೆ ಹೇಳಿ. 1980ರ ದಶಕದಲ್ಲಿ ಕರ್ನಾಟಕ ಅಂದರೆ ಡೊನೇಷನ್ ಕಾಲೇಜುಗಳ ನಾಡು ಅಂತ ದೇಶಕ್ಕೆಲ್ಲ ಹೆಸರಾಗಿತ್ತು. 1984ರಲ್ಲಿ ಕ್ಯಾಪಿಟೇಷನ್ ಫೀಸು, ಅಂದರೆ ಈ ಡೊನೇಷನ್, ನಿಷೇಧಿಸುವ ಕಾನೂನು ಮಾಡಿದರೂ ನಿಲ್ಲಲಿಲ್ಲ. ಮೀರತ್‌ನ ಮೋಹಿನಿ ಜೈನ್ ಎಂಬ ಹುಡುಗಿ ಡಾಕ್ಟರ್ ಓದಲು ತುಮಕೂರಿಗೆ ಅರ್ಜಿ ಹಾಕಿದಳು. ಸರ್ಕಾರಿ ಸೀಟಿನವರಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000. ಅವಳು ಸುಪ್ರೀಂ ಕೋರ್ಟಿಗೆ ಹೋದಳು, ಕ್ಯಾಪಿಟೇಷನ್ ಫೀಸು ತಪ್ಪು ಅಂತ 1992ರಲ್ಲಿ ಕೋರ್ಟು ಹೇಳಿತು. ಮರುವರ್ಷ ಉನ್ನಿಕೃಷ್ಣನ್ ಕೇಸಿನಲ್ಲಿ, ಖಾಸಗಿ ಕಾಲೇಜಿನ ಸೀಟನ್ನೂ ಮೆರಿಟ್ ಮೇಲೆ ಹಂಚಬೇಕು ಅಂತ ತೀರ್ಪು ಬಂತು. ಅದರ ಬೆನ್ನಿಗೆ 1994ರಲ್ಲಿ ನಮ್ಮಲ್ಲಿ ಸಿಇಟಿ ಶುರುವಾಯಿತು. ಸೂಟ್‌ಕೇಸ್ ಇಲ್ಲದವರ ಮಕ್ಕಳಿಗೆ ಇರುವ ಬಾಗಿಲು ಅದು. ಅದರ ನಿಯಮ ಮಾತ್ರ ನಾವು ಸರಿಯಾಗಿ ಓದುವುದಿಲ್ಲ.

ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ, ಅರ್ಧ ಸೆಕೆಂಡ್ ಪಿಯು ಅಂಕ. ಹಾಗಾಗಿ “ಬೋರ್ಡ್ ಎಕ್ಸಾಮ್ ಪಾಸಾದರೆ ಸಾಕು” ಅನ್ನುವವರ ಮಾತು ಕೇಳಬೇಡಿ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಕಳೆಯುತ್ತಾರೆ, ಅಲ್ಲಿ ಸುಮ್ನೆ ಗುರುತು ಹಾಕಬಾರದು.

ಆಮೇಲೆ ಬರುವುದು ಆಪ್ಷನ್ ಎಂಟ್ರಿ, ಅಂದರೆ ಯಾವ ಕಾಲೇಜು, ಯಾವ ಕೋರ್ಸು ಬೇಕು ಅಂತ ಪಟ್ಟಿ ತುಂಬುವುದು. ಇಲ್ಲಿ ಹಾಳಾದಷ್ಟು ಸೀಟು ಪರೀಕ್ಷೆಯಲ್ಲಿ ಹಾಳಾಗಿಲ್ಲ ಅಂತ ನನ್ನ ಅನಿಸಿಕೆ. ಸೈಬರ್ ಸೆಂಟರಿನಲ್ಲಿ ಹದಿನೈದು ಜನ ಕ್ಯೂನಲ್ಲಿರುತ್ತಾರೆ. ಕಂಪ್ಯೂಟರ್ ಮುಂದೆ ಕೂತ ಹುಡುಗ, “ಅಂಕಲ್, ನಿಮ್ಮ ರ‍್ಯಾಂಕಿಗೆ ಅದು ಸಿಗಲ್ಲ, ಇದನ್ನ ಮೇಲೆ ಹಾಕ್ತೀನಿ” ಅಂತ ಟಪಟಪ ಒತ್ತುತ್ತಾನೆ. ಬೇಡ. ಕಂಪ್ಯೂಟರ್ ಪಟ್ಟಿಯನ್ನು ಮೇಲಿನಿಂದ ನೋಡಿಕೊಂಡು ಬರುತ್ತದೆ. ನಿಮ್ಮ ರ‍್ಯಾಂಕಿಗೆ ಮೊದಲು ಯಾವುದು ಸಿಗುತ್ತದೋ ಅಲ್ಲಿ ನಿಲ್ಲುತ್ತದೆ. ಅದರ ಕೆಳಗಿನದೆಲ್ಲ ಲೆಕ್ಕಕ್ಕಿಲ್ಲ. ಹಾಗಾಗಿ ಸಿಗಬಹುದಾದದ್ದಲ್ಲ, ಬೇಕಾದದ್ದು ಮೇಲಿರಬೇಕು. ಸಿಗದಿದ್ದರೆ ಅದು ತಾನಾಗಿ ಕೆಳಗೆ ಇಳಿಯುತ್ತದೆ, ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಮೊದಲು ಪ್ರಯೋಗಕ್ಕೆ ಅಂತ ಸೀಟು ಹಂಚಿ ತೋರಿಸುತ್ತಾರೆ, ಅದು ಮಾಕ್ ಅಲಾಟ್‌ಮೆಂಟ್. ಅದು ಬಂದ ಮೇಲೆ ಪಟ್ಟಿ ಹಿಂದುಮುಂದು ಮಾಡಲು ಬಿಡುತ್ತಾರೆ. ಅದು ವಾಪಸ್ ಬರುವ ದಾರಿ. ನಿಜವಾದ ಸುತ್ತಿನಲ್ಲಿ ಸೀಟು ಬಂದು ನೀವು ಚಾಯ್ಸ್ ಒಂದು ಒತ್ತಿದರೆ ಮುಗಿಯಿತು, ಸೇರಬೇಕು. ಎರಡು ಅಂದರೆ ಇದು ಇರಲಿ, ಇದಕ್ಕಿಂತ ಮೇಲಿನದಕ್ಕೆ ಕಾಯುತ್ತೇನೆ ಅಂತ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ ಅಂತ. ನಾಲ್ಕು ಅಂದರೆ ಹೊರಗೆ ಹೋಗುತ್ತೇನೆ ಅಂತ. ಈ ನಾಲ್ಕನ್ನು ಮನೆಯಲ್ಲಿ ಕಾಗದದ ಮೇಲೆ ಬರೆದು, ಮಗನ ಹತ್ತಿರ ಬಾಯಲ್ಲಿ ಹೇಳಿಸಿ, ಆಮೇಲೆ ಸೈಬರ್‌ಗೆ ಹೋಗಿ.

ದುಡ್ಡಿನ ಬಗ್ಗೆ ಒಂದೇ ಮಾತು. ತೋಟ ಮಾರಿ ಓದಿಸಿದೆ ಅನ್ನುವುದನ್ನು ನಮ್ಮ ಕಡೆ ಹೆಮ್ಮೆಯಿಂದ ಹೇಳುತ್ತಾರೆ. ಮಾರಿದ ತೋಟ ವಾಪಸ್ ಬಂದದ್ದನ್ನು ನಾನಂತೂ ನೋಡಿಲ್ಲ. ಮ್ಯಾನೇಜ್ಮೆಂಟ್ ಸೀಟಿಗೆ ಮಾರುವ ಮುಂಚೆ ಬ್ಯಾಂಕಿನಲ್ಲಿ ಕೇಳಿ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡಮಾನ ಬೇಕಿಲ್ಲ. ಬಡ್ಡಿ ಮಾತ್ರ ಮಗು ಓದುವಾಗಲೂ ಬೆಳೆಯುತ್ತಿರುತ್ತದೆ, ಆಗಿಂದಲೇ ಕೈಲಾದಷ್ಟು ಕಟ್ಟಿ.

ಈಗ ನೀವು ಕೇಳಿ.

(ಒಬ್ಬ ಅಪ್ಪ ಎದ್ದು, ನಿಮ್ಮ ಮಗಳು ಈಗ ಏನು ಮಾಡುತ್ತಿದ್ದಾಳೆ ಅಂತ ಕೇಳಿದರು.)

ಕೇಳೇ ಕೇಳುತ್ತಾರೆ ಅಂತ ಗೊತ್ತಿತ್ತು. ಎಂಬಿಬಿಎಸ್ ಸಿಗಲಿಲ್ಲ. ಬಿ.ಎಸ್‌ಸಿ. ಮಾಡಿದಳು, ಬಿ.ಎಡ್. ಮಾಡಿದಳು. ಈಗ ಹೈಸ್ಕೂಲಿನಲ್ಲಿ ಸೈನ್ಸ್ ಹೇಳಿಕೊಡುತ್ತಾಳೆ. ಆ ರೆಸಿಡೆನ್ಷಿಯಲ್ ಕಾಲೇಜಿನಲ್ಲೇ ಇದ್ದಿದ್ದರೆ ಎಂಬಿಬಿಎಸ್ ಸಿಗುತ್ತಿತ್ತೇನೋ ಅಂತ ನನ್ನಾಕೆಯ ಅಣ್ಣ ಈಗಲೂ ಅನ್ನುತ್ತಾರೆ. ಇರಬಹುದು. ನನಗೂ ಒಂದೊಂದು ಸಲ ಅನ್ನಿಸುತ್ತದೆ.

(ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ, “ಮೇಷ್ಟ್ರೇ, ನನ್ನ ಮೊಮ್ಮಗ ಓದಲ್ಲ. ಆದ್ರೆ ಬೋರಿನ ಮೋಟ್ರು ಸುಟ್ಟೋದ್ರೆ ಅವನೇ ಬಿಚ್ಚಿ ವೈಂಡಿಂಗ್ ಮಾಡೋನ ಜೊತೆ ಕೂತ್ಕೋತಾನೆ. ಅವನಿಗೆ ಏನ್ ಓದ್ಸೋದು?” ಅಂದರು.)

ಅಜ್ಜಿ, ಅವನು ಓದಲ್ಲ ಅಂತ ಯಾರು ಹೇಳಿದ್ದು? ಗಣಿತದಲ್ಲಿ ಎಷ್ಟು ತೆಗೀತಾನೆ? ನಲವತ್ತಾ? ಸಾಕು. ಐಟಿಐ ಎಲೆಕ್ಟ್ರಿಷಿಯನ್ ಇದೆ, ಡಿಪ್ಲೊಮಾ ಎಲೆಕ್ಟ್ರಿಕಲ್ ಇದೆ. ಯಾವುದು ಅಂತ ನಾನು ಇಲ್ಲಿ ನಿಂತು ಹೇಳುವುದಿಲ್ಲ. ಅವನೇ ಹೋಗಿ ಎರಡೂ ಕಡೆಯ ವರ್ಕ್‌ಶಾಪ್ ನೋಡಲಿ. ಪರೀಕ್ಷೆ ಮುಗಿದ ಮೊದಲ ಸೋಮವಾರ ಕಳಿಸಿ, ಹಾಸನಕ್ಕೆ ನಾನೇ ಕರ್ಕೊಂಡು ಹೋಗ್ತೀನಿ. ನೀವೂ ಬರ್ತೀರಾ? ಬನ್ನಿ. ಎಂಟೂಕಾಲಿನ ಬಸ್ಸು. ಈಗ ಹೆಂಗಸರಿಗೆಲ್ಲ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ, ಆಧಾರ್ ಮಾತ್ರ ಮರೀಬೇಡಿ.